ಬೊಲೊನ್ಯಾದಿಂದ ಒಂದು ದಿನ ರವೆನ್ನಾಗೆ: ಅಪ್ಪ ಅಮ್ಮನ ಜೊತೆ ಏನೇನು ನೋಡಬಹುದು?

ಹಾಸನದವಳು:
ಎಲ್ಲರಿಗೂ ನಮಸ್ಕಾರ. ನಾನು ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದೇನೆ. ಅಕ್ಟೋಬರ್‌ನಲ್ಲಿ ಅಪ್ಪ ಅಮ್ಮ ಊರಿಂದ ಬರುತ್ತಿದ್ದಾರೆ. ಮೂರು ರಾತ್ರಿ ಇಟಲಿಯ ಬೊಲೊನ್ಯಾದಲ್ಲಿ ಉಳಿಯುತ್ತೇವೆ. ಅದರಲ್ಲಿ ಒಂದು ದಿನ ಪೂರ್ತಿ ಖಾಲಿ ಇದೆ. ಆಫೀಸಿನಲ್ಲಿ ಎಲ್ಲರೂ ಫ್ಲಾರೆನ್ಸ್‌ಗೆ ಹೋಗು ಅನ್ನುತ್ತಾರೆ. ನನಗೆ ಯಾಕೋ ರವೆನ್ನಾ ನೋಡಬೇಕು ಅಂತ ಆಸೆ. ಅಲ್ಲಿನ ಮೊಸಾಯಿಕ್ ಚಿತ್ರಗಳ ಒಂದು ಫೋಟೋ ನೋಡಿದ ಮೇಲೆ ತಲೆಯಿಂದ ಹೋಗುತ್ತಿಲ್ಲ.

ನಮ್ಮ ಪರಿಸ್ಥಿತಿ ಹೇಳಿಬಿಡುತ್ತೇನೆ. ಅಮ್ಮನಿಗೆ 66, ಮಂಡಿ ನೋವು. ಮೆಟ್ಟಿಲು ಕಷ್ಟ, ಜನಜಂಗುಳಿ ಕಂಡರೆ ಆಗುವುದಿಲ್ಲ. ಅಪ್ಪನಿಗೆ 71, ಪಿಡಬ್ಲ್ಯುಡಿಯಲ್ಲಿ ಎಂಜಿನಿಯರ್ ಆಗಿ ನಿವೃತ್ತರು. ಎಷ್ಟು ಬೇಕಾದರೂ ನಡೆಯುತ್ತಾರೆ. ಇಬ್ಬರೂ ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಒಂದು ದಿನ ಸಾಕಾಗುತ್ತದಾ? ಯಾವುದು ನೋಡಬೇಕು, ಯಾವುದು ಬಿಡಬೇಕು? ಹೋಗಿ ಬಂದವರು ದಯವಿಟ್ಟು ಹೇಳಿ.

ತುಂಗಾತೀರ:
ನಮಸ್ಕಾರ ಮೇಡಂ. ನನ್ನ ಮಾತು ಬೇರೆ ಥರ ಇದೆ, ಬೇಜಾರು ಮಾಡಿಕೊಳ್ಳಬೇಡಿ. ಅಪ್ಪ ಅಮ್ಮ ಇಟಲಿಗೆ ಮೊದಲ ಸಲ ಬರುತ್ತಿದ್ದಾರೆ ಅಂದರೆ ಫ್ಲಾರೆನ್ಸ್ ಬಿಡಬೇಡಿ. ಬೊಲೊನ್ಯಾದಿಂದ ಫಾಸ್ಟ್ ಟ್ರೈನಿನಲ್ಲಿ 40 ನಿಮಿಷದ ದಾರಿ. ಮೈಕೆಲೆಂಜೆಲೊ ಕೆತ್ತಿದ ದಾವೀದನ ಮುಂದೆ ನಿಂತಾಗ ನನ್ನ ತಂದೆಗೆ ಮಾತೇ ಹೊರಡಲಿಲ್ಲ. ಆ ಮುಖ ನನಗೆ ಇವತ್ತಿಗೂ ನೆನಪಿದೆ. ಊರಿಗೆ ಹೋಗಿ ನೆಂಟರಿಗೆ ಹೇಳಿಕೊಳ್ಳುವಾಗಲೂ ಗೊತ್ತಿರುವ ಹೆಸರು ಇದ್ದರೆ ಅವರಿಗೂ ಖುಷಿ ಅಲ್ವಾ? ರವೆನ್ನಾ ಚೆನ್ನಾಗಿಲ್ಲ ಅಂತ ಅಲ್ಲ. ಗಲ್ಲಾ ಪ್ಲಾಚಿದಿಯಾ ರಾಣಿಯನ್ನು ಹೂಳಿದ ಗುಡಿ ನಾನೂ ನೋಡಿದ್ದೇನೆ. ಆದರೆ ಅದು ಎರಡನೇ ಸಲ ಬಂದಾಗ ನೋಡುವ ಊರು.

ಬೊಲೊನ್ಯಾ ವಾಸಿ:
ನಾನು ಬೊಲೊನ್ಯಾದಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಊರಿಂದ ಯಾರೇ ಬಂದರೂ ಒಂದು ದಿನ ರವೆನ್ನಾಗೆ ಕರೆದುಕೊಂಡು ಹೋಗುತ್ತೇನೆ. ತುಂಗಾತೀರ ಸರ್ ಹೇಳಿದ್ದು ತಪ್ಪಲ್ಲ, ಫ್ಲಾರೆನ್ಸ್ ದೊಡ್ಡದು. ಆದರೆ ಮಂಡಿ ನೋವಿರುವ ಅಮ್ಮನಿಗೆ ಅಲ್ಲಿನ ಸಾಲು, ನೂಕುನುಗ್ಗಲು ಒಂದೇ ದಿನಕ್ಕೆ ತುಂಬಾ ಜಾಸ್ತಿ. ರವೆನ್ನಾ ಚಪ್ಪಟೆ ಊರು. ಏರು ಇಳಿತವೇ ಇಲ್ಲ. ಅಲ್ಲಿನ ಅಜ್ಜ ಅಜ್ಜಿಯರೂ ಸೈಕಲ್ಲಿನಲ್ಲೇ ಓಡಾಡುತ್ತಾರೆ. ನೋಡುವ ಜಾಗಗಳು ಹತ್ತಿರ ಹತ್ತಿರ ಇವೆ.

ಊರಿನ ಹಿನ್ನೆಲೆ ಸ್ವಲ್ಪ ಗೊತ್ತಿದ್ದರೆ ನೋಡುವ ಖುಷಿ ಬೇರೆ. 402ರಲ್ಲಿ ಪಶ್ಚಿಮ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಹೊನೊರಿಯಸ್ ತನ್ನ ರಾಜಧಾನಿಯನ್ನು ಮಿಲಾನಿನಿಂದ ಇಲ್ಲಿಗೆ ತಂದ. ಸುತ್ತಲೂ ಜೌಗು ನೆಲ, ಪಕ್ಕದಲ್ಲೇ ಕ್ಲಾಸ್ಸೆ ಬಂದರು. ಶತ್ರು ಒಳಗೆ ಬರುವುದು ಕಷ್ಟ, ಸಮುದ್ರದ ದಾರಿ ಮಾತ್ರ ತೆರೆದೇ ಇರುತ್ತದೆ. ಆಮೇಲೆ ಗಾಥ್ ಅನ್ನುವ ಜರ್ಮನಿಕ್ ಬುಡಕಟ್ಟಿನ ದೊರೆ ಥಿಯೋಡೊರಿಕ್ 493ರಿಂದ 526ರವರೆಗೆ ಇಲ್ಲಿಂದಲೇ ಆಳಿದ. 540ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಜಸ್ಟಿನಿಯನ್ ಚಕ್ರವರ್ತಿಯ ಸೈನ್ಯ ಊರನ್ನು ಹಿಡಿಯಿತು. ಹೀಗೆ ಮೂರು ಆಳ್ವಿಕೆ ಬಂದು ಹೋದವು. ಮೂರೂ ಕಾಲದವರು ಗೋಡೆಗಳ ಮೇಲೆ ಮೊಸಾಯಿಕ್ ಬಿಟ್ಟು ಹೋಗಿದ್ದಾರೆ. ಆಮೇಲೆ ಬಂದರಿನಲ್ಲಿ ಹೂಳು ತುಂಬಿತು, ಸಮುದ್ರ ದೂರ ಸರಿಯಿತು, ಊರು ಮೂಲೆಗೆ ಬಿತ್ತು. ದೊಡ್ಡವರ ಕಣ್ಣು ಅದರ ಮೇಲೆ ಬೀಳದೇ ಇದ್ದಿದ್ದಕ್ಕೇ ಇಷ್ಟು ಉಳಿಯಿತು ಅಂತ ನನಗೆ ಅನ್ನಿಸುತ್ತದೆ. 1996ರಲ್ಲಿ ಇಲ್ಲಿನ ಎಂಟು ಕಟ್ಟಡಗಳನ್ನು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದರು.

ಇನ್ನು ದಾರಿ. ಬೊಲೊನ್ಯಾ ಸೆಂಟ್ರಲ್‌ನಿಂದ ನೇರ ಲೋಕಲ್ ಟ್ರೈನ್ ಇದೆ, ಒಂದು ಗಂಟೆ ಹತ್ತು ಇಪ್ಪತ್ತು ನಿಮಿಷ. ಒಬ್ಬರಿಗೆ ಹತ್ತು ಯೂರೋಗಿಂತ ಕಡಿಮೆ. ಕಾಗದದ ಟಿಕೆಟ್ ತೆಗೆದುಕೊಂಡರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಮೆಷಿನ್ನಿಗೆ ತೂರಿಸಿ ಮುದ್ರೆ ಹಾಕಿಸಿ. ಮರೆತರೆ ದಂಡ. ಹೊರಡುವ ಹಿಂದಿನ ದಿನ ರೈಲು ಮುಷ್ಕರ ಇದೆಯಾ ಅಂತ ನೋಡಿಕೊಳ್ಳಿ. ಇಲ್ಲಿ ಅದು ಆಗಾಗ ಇರುತ್ತದೆ. ವಾರದ ದಿನಗಳಲ್ಲಿ ಮುಷ್ಕರ ಇದ್ದರೂ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಕೆಲವು ಲೋಕಲ್ ಟ್ರೈನುಗಳನ್ನು ಓಡಿಸಲೇಬೇಕು ಅಂತ ನಿಯಮ ಇದೆ.

ಸ್ಟೇಷನ್ನಿನಿಂದ ಟ್ಯಾಕ್ಸಿ ಮಾಡಿ ನೇರ ಸಾನ್ ವಿತಾಲೆ ಚರ್ಚಿಗೆ ಹೋಗಿ. ಅದು ಊರಿನ ಆ ತುದಿ. ಅಲ್ಲಿಂದ ನೋಡುತ್ತಾ ನಿಧಾನವಾಗಿ ಸ್ಟೇಷನ್ ಕಡೆಗೆ ವಾಪಸ್ ನಡೆದು ಬನ್ನಿ. ಹೀಗೆ ಮಾಡಿದರೆ ಅಮ್ಮನ ಕಾಲಿಗೆ ಅರ್ಧ ನಡಿಗೆ ಉಳಿಯುತ್ತದೆ. ಸಾನ್ ವಿತಾಲೆ, ಗಲ್ಲಾ ಪ್ಲಾಚಿದಿಯಾ, ಸಾಂತ್ ಅಪೊಲ್ಲಿನಾರೆ ನುವೊವೊ ಚರ್ಚು ಇವಕ್ಕೆಲ್ಲ ಒಂದೇ ಟಿಕೆಟ್. ಆದರೆ ಗಲ್ಲಾ ಪ್ಲಾಚಿದಿಯಾಗೆ ಹೊತ್ತು ಆರಿಸಿ ಮೊದಲೇ ಬುಕ್ ಮಾಡಬೇಕು.

ಮಧ್ಯಾಹ್ನದ ಮೇಲೆ ಕ್ಲಾಸ್ಸೆಗೆ ಹೋಗಿ. ಒಂದೇ ಸ್ಟೇಷನ್. ಅಲ್ಲಿನ ಹಳೆ ಚರ್ಚನ್ನು ಮಾತ್ರ ಬಿಡಬೇಡಿ. ಸಮಯ ಸಾಲದಿದ್ದರೆ ದೀಕ್ಷಾಸ್ನಾನದ ಗುಡಿಗಳನ್ನು ಬಿಡಿ. ಥಿಯೋಡೊರಿಕ್‌ನ ಸಮಾಧಿಯನ್ನೂ ಬಿಡಬಹುದು, ಅದರಲ್ಲಿ ಮೊಸಾಯಿಕ್ ಇಲ್ಲ.

ಬಣ್ಣದ ಮೇಷ್ಟ್ರು:
ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚಿತ್ರಕಲೆ ಪಾಠ ಮಾಡಿದವನು ನಾನು. ನಿವೃತ್ತನಾದ ಮೇಲೆ ಮಗಳು ಕರೆದುಕೊಂಡು ಹೋಗಿ ತೋರಿಸಿದಳು. ಮೊದಲು ತುಂಗಾತೀರ ಅವರಿಗೆ ಒಂದು ಸಣ್ಣ ತಿದ್ದುಪಡಿ. ಗಲ್ಲಾ ಪ್ಲಾಚಿದಿಯಾ ತೀರಿಕೊಂಡಿದ್ದು 450ರಲ್ಲಿ, ರೋಮ್‌ನಲ್ಲಿ. ಆಕೆಯನ್ನು ಇಲ್ಲಿ ಹೂಳಿದರು ಅನ್ನುವುದು ನಂಬಿಕೆ ಅಷ್ಟೇ. ಒಳಗೆ ಮೂರು ಕಲ್ಲಿನ ಶವಪೆಟ್ಟಿಗೆಗಳಿವೆ, ಅದಕ್ಕೇ ಆ ಹೆಸರು ಉಳಿದುಕೊಂಡಿದೆ. ಆಕೆಯ ಬದುಕು ಮಾತ್ರ ದೊಡ್ಡದು. ಚಕ್ರವರ್ತಿಯ ಮಗಳು. ಗಾಥರ ಕೈಗೆ ಸೆರೆಸಿಕ್ಕಿ, ಅವರ ದೊರೆಯನ್ನೇ ಮದುವೆಯಾಗಿ, ಮತ್ತೆ ರೋಮನ್ನರ ಕಡೆ ಬಂದು, ಕೊನೆಗೆ ಚಿಕ್ಕ ಮಗನ ಹೆಸರಿನಲ್ಲಿ ಸಾಮ್ರಾಜ್ಯ ನಡೆಸಿದವಳು.

ಮೊಸಾಯಿಕ್ ಅಂದ ಕೂಡಲೇ ನಮ್ಮ ಮನೆಗಳ ಮೊಸಾಯಿಕ್ ನೆಲ ಮನಸ್ಸಿಗೆ ಬರುತ್ತದೆ. ಇದು ಹಾಗಲ್ಲ. ಉಗುರಿನಷ್ಟು ಸಣ್ಣ ಬಣ್ಣದ ಗಾಜಿನ ಚೂರುಗಳನ್ನು ಹಸಿ ಗಾರೆಯಲ್ಲಿ ಒಂದೊಂದಾಗಿ ಒತ್ತಿ ಕೂರಿಸಿದ್ದು. ಚಿನ್ನದ ಚೂರು ಮಾಡುವ ಬಗೆ ಕೇಳಿ. ಗಾಜಿನ ಮೇಲೆ ಚಿನ್ನದ ರೇಕು ಹಾಸಿ, ಅದರ ಮೇಲೆ ಇನ್ನೊಂದು ತೆಳ್ಳನೆಯ ಗಾಜಿನ ಪದರ ಹಾಕಿ ಬೆಸೆಯುತ್ತಾರೆ. ಚಿನ್ನ ಗಾಜಿನ ಒಳಗೇ ಇರುವುದರಿಂದ ಉಜ್ಜಿ ಹೋಗುವುದಿಲ್ಲ. ಸಾವಿರದ ಐನೂರು ವರ್ಷ ಆದರೂ ಹೊಳಪು ಹಾಗೇ ಇದೆ. ಇನ್ನೊಂದು ಗುಟ್ಟು, ಚೂರುಗಳನ್ನು ಸಪಾಟಾಗಿ ಕೂರಿಸುತ್ತಿರಲಿಲ್ಲ. ಒಂದು ಸ್ವಲ್ಪ ಈ ಕಡೆ ವಾಲಿದರೆ ಇನ್ನೊಂದು ಆ ಕಡೆ. ನೀವು ಎರಡು ಹೆಜ್ಜೆ ನಡೆದರೆ ಗೋಡೆಯೂ ನಿಮ್ಮ ಜೊತೆ ಮಿನುಗುತ್ತಾ ಬರುತ್ತದೆ. ಅದಕ್ಕೇ ಫೋಟೋದಲ್ಲಿ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಗಲ್ಲಾ ಪ್ಲಾಚಿದಿಯಾ ಒಳಗೆ ಕತ್ತಲು. ಜನ ಜಾಸ್ತಿ ಇರುವಾಗ ಐದೇ ನಿಮಿಷ ಬಿಡುತ್ತಾರೆ. ಬಿಸಿಲಿನಿಂದ ನೇರ ಒಳಗೆ ಹೋದರೆ ಮೂರು ನಿಮಿಷ ಕಣ್ಣು ಹೊಂದಿಕೊಳ್ಳುವುದಕ್ಕೇ ಬೇಕು. ಹೊರಗೆ ನೆರಳಲ್ಲಿ ನಿಂತು, ಒಂದೆರಡು ನಿಮಿಷ ಕಣ್ಣು ಮುಚ್ಚಿಕೊಂಡಿದ್ದು ಆಮೇಲೆ ಒಳಗೆ ಹೋಗಿ. ಕಡು ನೀಲಿ ಆಕಾಶ, ತುಂಬಾ ಚಿನ್ನದ ನಕ್ಷತ್ರ. ಕಿಟಕಿಗೆ ಗಾಜಿನ ಬದಲು ತೆಳ್ಳನೆಯ ಅಲಬಾಸ್ಟರ್ ಕಲ್ಲಿನ ಹಲಗೆ ಇದೆ. ಬೆಳಕು ಜೇನಿನ ಬಣ್ಣಕ್ಕೆ ತಿರುಗಿ ಒಳಗೆ ಬರುತ್ತದೆ.

ದಯವಿಟ್ಟು ಒಂದೇ ದಿನದಲ್ಲಿ ಎಂಟನ್ನೂ ಮುಗಿಸಬೇಕು ಅಂತ ಓಡಬೇಡಿ ಮಗಳೇ. ನಾಲ್ಕು ನೋಡಿ, ಪ್ರತಿಯೊಂದರಲ್ಲೂ ಕೂತು ನೋಡಿ.

ಅಡುಗೆಮನೆ:
ಊಟದ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ರವೆನ್ನಾ ಕಡೆ ಪಿಯಾದೀನಾ ಅಂತ ಸಿಗುತ್ತದೆ. ದಪ್ಪ ಚಪಾತಿ ಥರ ಇರುತ್ತದೆ, ಹೆಂಚಿನ ಮೇಲೆ ಬೇಯಿಸಿ, ಒಳಗೆ ಚೀಸ್ ಸೊಪ್ಪು ಇಟ್ಟು ಮಡಚಿ ಕೊಡುತ್ತಾರೆ. ನೋಡಿದರೆ ನಮ್ಮದೇ ಊಟ ಅನ್ನಿಸುತ್ತದೆ. ಅಲ್ಲೇ ನಾವು ಎಡವಿದ್ದು. ಒಂದು ಸಣ್ಣ ಅಂಗಡಿಯಲ್ಲಿ ಮಾಂಸ ಇದೆಯಾ ಅಂತ ಕೇಳಿದೆವು, ಇಲ್ಲ ಅಂದರು. ನಮ್ಮ ಅತ್ತೆ ಇಷ್ಟಪಟ್ಟು ಎರಡು ತಿಂದರು. ಆಮೇಲೆ ಗೋಡೆಯ ಬೋರ್ಡ್ ಓದಿದರೆ ಹಿಟ್ಟಿಗೇ ಹಂದಿ ಕೊಬ್ಬು ಹಾಕಿ ನಾದಿದ್ದು ಅಂತ ಗೊತ್ತಾಯಿತು. ಅತ್ತೆ ಆ ರಾತ್ರಿ ಏನೂ ಮುಟ್ಟಲಿಲ್ಲ. ಅವರ ಮುಖ ನೋಡಿ ನನಗೆ ಅಳು ಬಂದಿತ್ತು. ಅಂಗಡಿಯವರು ಸುಳ್ಳು ಹೇಳಿರಲಿಲ್ಲ, ನಾವು ಕೇಳಿದ ಪ್ರಶ್ನೆ ಸಾಲದಾಗಿತ್ತು.

ಹಳೆ ಪದ್ಧತಿಯ ಪಿಯಾದೀನಾದಲ್ಲಿ ಕೊಬ್ಬು ಇದ್ದೇ ಇರುತ್ತದೆ. ಆಲಿವ್ ಎಣ್ಣೆ ಹಾಕಿ ಮಾಡಿದ್ದು ಈಗ ಸುಮಾರು ಕಡೆ ಸಿಗುತ್ತದೆ. 'ಸೆನ್ತ್ಸಾ ಸ್ತ್ರುತ್ತೊ' ಅಂತ ಕೇಳಿ, ಕೊಬ್ಬಿಲ್ಲದ್ದು ಅಂತ ಅರ್ಥ. ಬೊಲೊನ್ಯಾ ಮತ್ತು ರವೆನ್ನಾ ಕಡೆ ಕೈಯಲ್ಲಿ ಮಾಡುವ ತಾಜಾ ಪಾಸ್ತಾಕ್ಕೆ ಮೊಟ್ಟೆ ಹಾಕುತ್ತಾರೆ. ಒಣ ಪಾಸ್ತಾದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಪಾರ್ಮಿಜಾನೊ ಚೀಸಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಅಪ್ಪ ಅಮ್ಮ ಅಷ್ಟು ಕಟ್ಟುನಿಟ್ಟಾದರೆ ಅದನ್ನೂ ಉದುರಿಸಬೇಡಿ ಅಂತ ಮೊದಲೇ ಹೇಳಿ. ಎಲ್ಲಕ್ಕಿಂತ ನೆಮ್ಮದಿ ಅಂದರೆ ಬೆಳಿಗ್ಗೆ ಚಿತ್ರಾನ್ನ ಕಟ್ಟಿಕೊಂಡು ಹೋಗುವುದು. ಇಟಲಿಯ ಮಹಾಕವಿ ಡಾಂಟೆ ಸಮಾಧಿ ಹತ್ತಿರ ಕೂರುವುದಕ್ಕೆ ಶಾಂತವಾದ ಜಾಗ ಇದೆ.

ಓದುಗ:
ಡಾಂಟೆ ಹೆಸರು ಬಂದಿದ್ದು ಒಳ್ಳೆಯದಾಯಿತು. ಕವಿಯನ್ನು ಓದಿದವರಿಗೆ ಮಾತ್ರ ಅಂದುಕೊಂಡು ಆ ಜಾಗ ಬಿಡಬೇಡಿ. ಫ್ಲಾರೆನ್ಸ್ 1302ರಲ್ಲಿ ಡಾಂಟೆಯನ್ನು ಗಡೀಪಾರು ಮಾಡಿತು. ಮತ್ತೆ ಕಾಲಿಟ್ಟರೆ ಜೀವಂತ ಸುಡುತ್ತೇವೆ ಅಂತ ತೀರ್ಪು ಕೊಟ್ಟಿತು. ಊರೂರು ಅಲೆದ ಮನುಷ್ಯನಿಗೆ ಕೊನೆಗೆ ಆಸರೆ ಕೊಟ್ಟಿದ್ದು ರವೆನ್ನಾ. ತನ್ನ ದೊಡ್ಡ ಕಾವ್ಯದ ಕೊನೆಯ ಭಾಗ ಮುಗಿಸಿದ್ದು ಇಲ್ಲೇ. ರವೆನ್ನಾದ ಪರವಾಗಿ ವೆನಿಸ್‌ಗೆ ಮಾತುಕತೆಗೆ ಹೋಗಿ ಬರುವಾಗ ಜ್ವರ ಹಿಡಿದು 1321ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ.

ಆಮೇಲೆ ಫ್ಲಾರೆನ್ಸಿನವರಿಗೆ ತಮ್ಮ ಕವಿ ಬೇಕಾದ. ಮೂಳೆ ಕೊಡಿ ಅಂತ ಮತ್ತೆ ಮತ್ತೆ ಕೇಳಿದರು. 1519ರಲ್ಲಿ ಫ್ಲಾರೆನ್ಸಿನ ಮೆದಿಚಿ ಮನೆತನದ ಪೋಪ್ ಹತ್ತನೇ ಲಿಯೋ ಒಪ್ಪಿಗೆಯನ್ನೂ ಕೊಟ್ಟ. ಬಂದು ತೆರೆದು ನೋಡಿದರೆ ಒಳಗೆ ಏನೂ ಇಲ್ಲ. ಪಕ್ಕದ ಮಠದ ಫ್ರಾನ್ಸಿಸ್ಕನ್ ಸನ್ಯಾಸಿಗಳು ಗೋಡೆಗೆ ಕನ್ನ ಕೊರೆದು ಮೂಳೆಗಳನ್ನು ಒಳಗೆಳೆದುಕೊಂಡು ಬಚ್ಚಿಟ್ಟಿದ್ದರು. ಆ ಪೆಟ್ಟಿಗೆ ಮತ್ತೆ ಸಿಕ್ಕಿದ್ದು 1865ರಲ್ಲಿ, ಗೋಡೆಯ ರಿಪೇರಿ ಮಾಡುವಾಗ. ಎರಡನೇ ಮಹಾಯುದ್ಧದಲ್ಲಿ ಬಾಂಬಿನ ಭಯಕ್ಕೆ ಪಕ್ಕದ ತೋಟದ ಮಣ್ಣಿನ ದಿಬ್ಬದ ಕೆಳಗೆ ಮತ್ತೆ ಅಡಗಿಸಿದರು. ಆ ದಿಬ್ಬ ಇಂದಿಗೂ ಬಳ್ಳಿ ಹಬ್ಬಿಕೊಂಡು ಹಾಗೇ ಇದೆ. ಫ್ಲಾರೆನ್ಸಿನ ಸಾಂತಾ ಕ್ರೋಚೆಯಲ್ಲಿ ಡಾಂಟೆಗೆ ದೊಡ್ಡ ಸ್ಮಾರಕ ಇದೆ, ಒಳಗೆ ಖಾಲಿ. ಪ್ರತಿ ವರ್ಷ ಸೆಪ್ಟೆಂಬರ್‌ನಲ್ಲಿ ಫ್ಲಾರೆನ್ಸಿನವರೇ ಬಂದು ಇಲ್ಲಿನ ದೀಪಕ್ಕೆ ಎಣ್ಣೆ ಕೊಟ್ಟು ಹೋಗುತ್ತಾರೆ. ಸಮಾಧಿಯ ಗುಡಿ ಚಿಕ್ಕದು, ಒಳಗೆ ಹೋಗಲು ಟಿಕೆಟ್ ಇಲ್ಲ.

ಪಕ್ಕದ ಸಾನ್ ಫ್ರಾಂಚೆಸ್ಕೊ ಚರ್ಚನ್ನೂ ನೋಡಿ. ಡಾಂಟೆಯ ಅಂತ್ಯಕ್ರಿಯೆ ನಡೆದಿದ್ದು ಅಲ್ಲೇ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಹನ್ನೆರಡರ ಒಳಗೆ ಹೋಗಿ. ಬಲಿಪೀಠದ ಕೆಳಗೆ ಇಣುಕಿ. ನಾನು ಮುಂದೆ ಹೇಳುವುದಿಲ್ಲ.

ತುಂಗಾತೀರ:
ಬಣ್ಣದ ಮೇಷ್ಟ್ರಿಗೆ ಧನ್ಯವಾದ. ನಾನು ಅದನ್ನು ಆಕೆಯ ಸಮಾಧಿ ಅಂತಲೇ ಇಷ್ಟು ದಿನ ನಂಬಿದ್ದೆ. ಓದುಗ ಅವರು ಬರೆದಿದ್ದು ಓದಿದ ಮೇಲೆ ನನಗೂ ಇನ್ನೊಂದು ಸಲ ಹೋಗಬೇಕು ಅನ್ನಿಸುತ್ತಿದೆ. ನಾನು ಅವತ್ತು ವೆನಿಸ್‌ಗೆ ಹೋಗುವ ದಾರಿಯಲ್ಲಿ ಎರಡು ಗಂಟೆ ಇಳಿದು ಓಡಿದ್ದೆ ಅಷ್ಟೇ. ಹಾಗೆ ನೋಡಿದವನು ಆ ಊರಿನ ಬಗ್ಗೆ ಮಾತಾಡಬಾರದಿತ್ತು. ಮೇಡಂ, ನೀವು ರವೆನ್ನಾಗೇ ಹೋಗಿ ಬನ್ನಿ. ಬಂದ ಮೇಲೆ ಬರೆಯಿರಿ.

ಹಾಸನದವಳು:
ಎಲ್ಲರಿಗೂ ಧನ್ಯವಾದ. ಹೋಗಿ ಬಂದೆವು. ಅಪ್ಪ ಅಮ್ಮ ನಿನ್ನೆ ಊರಿಗೆ ಹೊರಟರು. ಮನೆ ಖಾಲಿ ಖಾಲಿ ಅನ್ನಿಸುತ್ತಿದೆ, ಅದಕ್ಕೇ ಕೂತು ಉದ್ದವಾಗಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ಟ್ರೈನಿನಲ್ಲಿ ಹೊರಟು ಒಂಬತ್ತು ಗಂಟೆಗೆ ರವೆನ್ನಾ. ಬೊಲೊನ್ಯಾ ವಾಸಿ ಸರ್ ಹೇಳಿದ ಹಾಗೇ ಟ್ಯಾಕ್ಸಿಯಲ್ಲಿ ನೇರ ಸಾನ್ ವಿತಾಲೆಗೆ ಹೋದೆವು. ನಮ್ಮ ಬುಕಿಂಗ್ ಒಂಬತ್ತೂವರೆಗೆ. ಮೇಷ್ಟ್ರು ಹೇಳಿದಂತೆ ಮೂವರೂ ಗೋಡೆಯ ನೆರಳಲ್ಲಿ ಕಣ್ಣು ಮುಚ್ಚಿ ನಿಂತೆವು. ಅಮ್ಮ ಹಾಗೇ ಸ್ತೋತ್ರ ಹೇಳಿಕೊಳ್ಳಲು ಶುರು ಮಾಡಿದರು. ಗಲ್ಲಾ ಪ್ಲಾಚಿದಿಯಾ ಹೊರಗಿನಿಂದ ನೋಡಿದರೆ ಇಟ್ಟಿಗೆಯ ಸಣ್ಣ ಕಟ್ಟಡ. ಇದಕ್ಕಾ ಇಷ್ಟು ದೂರ ಬಂದಿದ್ದು ಅಂತ ಅಪ್ಪ ಕೇಳಿದರು. ಒಳಗೆ ಹೋದ ಮೇಲೆ ಯಾರೂ ಮಾತಾಡಲಿಲ್ಲ. ಆ ನೀಲಿಯನ್ನು ನಾನು ಹೇಗೆ ಹೇಳಲಿ? ಮಳೆ ನಿಂತ ರಾತ್ರಿ ಊರಲ್ಲಿ ಕರೆಂಟ್ ಹೋದಾಗ ಅಂಗಳದಿಂದ ಕಾಣುವ ಆಕಾಶದ ಬಣ್ಣ. ಬಟ್ಟಲಿಂದ ನೀರು ಕುಡಿಯುವ ಎರಡು ಪಾರಿವಾಳಗಳಿವೆ. ಅಮ್ಮ ಅವನ್ನೇ ನೋಡುತ್ತಾ ನಿಂತುಬಿಟ್ಟರು. ಅವತ್ತು ಜನ ಕಡಿಮೆ ಇದ್ದರು, ನಮ್ಮನ್ನು ಯಾರೂ ಹೊರಗೆ ಕಳಿಸಲಿಲ್ಲ.

ಅಲ್ಲಿಂದ ಹುಲ್ಲಿನ ಅಂಗಳ ದಾಟಿದರೆ ಸಾನ್ ವಿತಾಲೆ. ಎಂಟು ಮೂಲೆಯ ದೊಡ್ಡ ಚರ್ಚು, 547ರಲ್ಲಿ ಪ್ರತಿಷ್ಠೆ ಆಗಿದ್ದು. ಅಪ್ಪನ ಕಣ್ಣು ಮೊದಲು ಗುಮ್ಮಟದ ಮೇಲೆ. ಅಷ್ಟು ದೊಡ್ಡ ಗುಮ್ಮಟದ ಭಾರ ಕಡಿಮೆ ಮಾಡಲು ಒಂದರೊಳಗೆ ಒಂದು ತೂರಿಸಿದ ಸುಟ್ಟ ಮಣ್ಣಿನ ಕೊಳವೆಗಳಿಂದ ಕಟ್ಟಿದ್ದಾರೆ ಅಂತ ಓದಿ ಹೇಳಿದೆ. ನಮ್ಮ ಕಡೆ ಹಂಚಿನ ಕಾರ್ಖಾನೆ ನೋಡಿದವರು ಅವರು. ಆ ಕೊಳವೆ ಎಷ್ಟು ದಪ್ಪ ಇರಬಹುದು, ಮಧ್ಯೆ ಗಾರೆ ಹೇಗೆ ತುಂಬಿರಬಹುದು ಅಂತ ಕೈಯಲ್ಲೇ ಅಳೆದು ತೋರಿಸುತ್ತಿದ್ದರು.

ಅಮ್ಮ ಕೂತಿದ್ದು ಥಿಯೋಡೊರಾ ರಾಣಿಯ ಚಿತ್ರದ ಎದುರು. ಒಂದು ಕಡೆ ಜಸ್ಟಿನಿಯನ್ ತನ್ನ ಪರಿವಾರದ ಜೊತೆ, ಎದುರು ಗೋಡೆಯಲ್ಲಿ ಅವನ ರಾಣಿ. ಇಬ್ಬರೂ ಈ ಊರಿಗೆ ಒಂದು ದಿನವೂ ಬಂದವರಲ್ಲ. ಹೀಗೆ ಗೋಡೆಯ ಮೇಲೆ ನಿಂತೇ ಊರನ್ನು ಆಳಿದ್ದಾರೆ. ಸ್ವಲ್ಪ ಹೊತ್ತಾದ ಮೇಲೆ ಅಮ್ಮ ನನ್ನ ಕೈ ಹಿಡಿದು ಎಳೆದರು. "ಅವಳ ಬಟ್ಟೆಯ ಅಂಚು ನೋಡೇ. ಅಲ್ಲಿ ಮೂರು ಜನ ಏನೋ ಹಿಡಿದುಕೊಂಡು ಹೋಗುತ್ತಿದ್ದಾರೆ." ನಾನು ನೋಡೇ ಇರಲಿಲ್ಲ. ನೇರಳೆ ಬಟ್ಟೆಯ ಕೆಳ ಅಂಚಿನಲ್ಲಿ ಚಿನ್ನದ ಬಣ್ಣದಲ್ಲಿ ಮೂರು ಗಂಡಸರು, ಕೈಯಲ್ಲಿ ಕಾಣಿಕೆ. ಐವತ್ತು ವರ್ಷ ಸೀರೆ ಅಂಚು ನೋಡಿದ ಕಣ್ಣು ಅದು.

ಆಮೇಲೆ ಮೆಲ್ಲಗೆ ನಡೆದು ಪಿಯಾತ್ಸಾ ದೆಲ್ ಪೊಪೊಲೊ ಚೌಕ ದಾಟಿ ಸಾನ್ ಫ್ರಾಂಚೆಸ್ಕೊಗೆ ಹೋದಾಗ ಹನ್ನೊಂದೂವರೆ. ಓದುಗ ಅವರು ಹೇಳಿದ ಹಾಗೆ ಬಲಿಪೀಠದ ಕೆಳಗೆ ಇಣುಕಿದೆವು. ನಾಣ್ಯ ಹಾಕಿದರೆ ದೀಪ ಹತ್ತಿತು. ಕೆಳಗಿನ ನೆಲಮಾಳಿಗೆ ಪೂರ್ತಿ ನೀರು. ಊರಿನ ನೆಲವೇ ಕುಸಿಯುತ್ತಾ ಬಂದಿರುವುದರಿಂದ ಅಂತರ್ಜಲ ಒಳಗೆ ನಿಂತಿದೆ. ನೀರಿನ ತಳದಲ್ಲಿ ಹಳೆ ಮೊಸಾಯಿಕ್ ನೆಲ, ಅದರ ಮೇಲೆ ಕೆಂಪು ಮೀನುಗಳು ಓಡಾಡುತ್ತಿವೆ! ಅಮ್ಮ ಪರ್ಸಿನಲ್ಲಿದ್ದ ಚಿಲ್ಲರೆಯನ್ನೆಲ್ಲ ಆ ದೀಪಕ್ಕೇ ಹಾಕಿದರು.

ಊಟಕ್ಕೆ ಚಿತ್ರಾನ್ನ, ಮೊಸರನ್ನ. ಅಡುಗೆಮನೆ ಅವರೇ, ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು. ನಿಮ್ಮ ಅತ್ತೆಯ ವಿಷಯ ಓದದೇ ಇದ್ದಿದ್ದರೆ ನಾನೂ ಅದೇ ಪ್ರಶ್ನೆ ಕೇಳಿ ಅದೇ ತಪ್ಪು ಮಾಡುತ್ತಿದ್ದೆ. ಸಂಜೆ ಆಲಿವ್ ಎಣ್ಣೆಯ ಪಿಯಾದೀನಾ ಸಿಕ್ಕಿತು. ಅಪ್ಪ ಉಪ್ಪಿನಕಾಯಿ ಹಚ್ಚಿಕೊಂಡು ತಿಂದರು.

ಎರಡು ಗಂಟೆಗೆ ಸಾಂತ್ ಅಪೊಲ್ಲಿನಾರೆ ನುವೊವೊ. ಥಿಯೋಡೊರಿಕ್ ತನ್ನ ಅರಮನೆಗೆ ಅಂತ ಕಟ್ಟಿಸಿದ ಚರ್ಚು. ಎಡಗಡೆ ಗೋಡೆಯ ಉದ್ದಕ್ಕೂ 22 ಹೆಂಗಸರ ಮೆರವಣಿಗೆ, ಬಲಗಡೆ 26 ಗಂಡಸರದು. ಹೆಂಗಸರ ಸಾಲಿನ ಮುಂದೆ ಕೆಂಪು ಟೋಪಿ ಹಾಕಿದ ಮೂವರು ಬಗ್ಗಿ ಕಾಣಿಕೆ ಕೊಡುತ್ತಿದ್ದಾರೆ. ಅಮ್ಮ ಕೂಡಲೇ ಕೇಳಿದರು, "ಇವರು ಆಗಲೇ ಅಂಚಿನಲ್ಲಿದ್ದವರು ಅಲ್ವಾ?" ಹೌದು, ಅವರೇ. ನಾನು ಹೇಳಿಕೊಡದೆ ಅಮ್ಮ ತಾನೇ ಗುರುತು ಹಿಡಿದರಲ್ಲ, ಆ ಖುಷಿ ಈಗಲೂ ಇದೆ.

ಅಲ್ಲೇ ಇನ್ನೊಂದು ನೋಡಿದೆವು. ಬಾಗಿಲ ಹತ್ತಿರ ಥಿಯೋಡೊರಿಕ್‌ನ ಅರಮನೆಯ ಚಿತ್ರ ಇದೆ. ಕಂಬಗಳ ಮಧ್ಯೆ ಬಿಳಿ ಪರದೆ ಇಳಿಬಿಟ್ಟಿದ್ದಾರೆ. ಮೊದಲು ಅಲ್ಲಿ ಆಸ್ಥಾನದವರು ನಿಂತಿದ್ದರಂತೆ. ಗಾಥರದು ಏರಿಯನ್ ಪಂಥ, ಅಂದರೆ ಏಸು ದೇವರಿಗೆ ಸಮಾನ ಅಲ್ಲ ಅನ್ನುವ ಕ್ರೈಸ್ತ ಪಂಥ. ಅವರ ಆಳ್ವಿಕೆ ಹೋದ ಮೇಲೆ ಚರ್ಚು ಕ್ಯಾಥಲಿಕರ ಕೈಗೆ ಬಂತು. ಆ ಜನರನ್ನು ಕಿತ್ತು ಪರದೆ ಕೂರಿಸಿದರು. ಆದರೆ ಕಂಬದ ಮೇಲೆ ಬಂದಿದ್ದ ಕೈಗಳು ಹಾಗೇ ಉಳಿದಿವೆ. ಮೈಯಿಲ್ಲ, ಮುಖವಿಲ್ಲ, ಕಂಬಕ್ಕೆ ಅಂಟಿದ ಬೆರಳುಗಳು ಮಾತ್ರ. ಅಪ್ಪ ತುಂಬಾ ಹೊತ್ತು ಸುಮ್ನೆ ನಿಂತಿದ್ದರು. ಅವರು ಏನು ಯೋಚಿಸಿದರೋ ನಾನು ಕೇಳಲಿಲ್ಲ.

ಆಮೇಲೆ ಅಮ್ಮನನ್ನು ಸ್ಟೇಷನ್ ಹತ್ತಿರ ಕಾಫಿ ಕುಡಿಯಲು ಕೂರಿಸಿ, ಅಪ್ಪ ನಾನು ಟ್ಯಾಕ್ಸಿಯಲ್ಲಿ ಥಿಯೋಡೊರಿಕ್‌ನ ಸಮಾಧಿಗೆ ಹೋಗಿ ಬಂದೆವು. ಬೊಲೊನ್ಯಾ ವಾಸಿ ಸರ್, ಎಂಜಿನಿಯರ್ ಜೊತೆ ಹೋಗುವವರಿಗೆ ಅದನ್ನು ಬಿಡಿ ಅನ್ನಬೇಡಿ! ಹತ್ತು ಮೂಲೆಯ ಎರಡಂತಸ್ತಿನ ಕಲ್ಲಿನ ಕಟ್ಟಡ. ಅದರ ಚಾವಣಿ ಒಂದೇ ಕಲ್ಲು. ಹತ್ತು ಮೀಟರಿಗಿಂತ ಅಗಲ, ತೂಕ 230ರಿಂದ 300 ಟನ್ ಅಂತ ಅಂದಾಜು. ಸಮುದ್ರದ ಆ ಕಡೆಯ ಇಸ್ತ್ರಿಯಾದಿಂದ ಬಂದ ಕಲ್ಲು. ಚಾವಣಿಯ ಸುತ್ತ ಹಿಡಿಕೆಯಂಥ ಹನ್ನೆರಡು ಚಾಚುಗಳಿವೆ. ಅಪ್ಪ ಮೂರು ಸುತ್ತು ಹಾಕಿದರು. ಮಣ್ಣಿನ ಇಳಿಜಾರು ಕಟ್ಟಿ ಎಳೆದಿರಬೇಕು ಅಂತ ಅವರ ವಾದ. ಕಲ್ಲಿನಲ್ಲಿ ಒಂದು ಬಿರುಕಿದೆ. ಸಿಡಿಲು ಬಡಿದು ಸಾಯುತ್ತೀಯ ಅಂತ ಯಾರೋ ಹೇಳಿದ್ದಕ್ಕೆ ಥಿಯೋಡೊರಿಕ್ ಇದರೊಳಗೆ ಅಡಗಿ ಕೂತ, ಸಿಡಿಲು ಚಾವಣಿಯನ್ನೇ ಸೀಳಿ ಬಂತು ಅಂತ ಕಥೆ. ಅಪ್ಪನ ಪ್ರಕಾರ ಅದು ಎತ್ತಿ ಕೂರಿಸುವಾಗ ಬಿಟ್ಟ ಬಿರುಕು.

ಕ್ಲಾಸ್ಸೆಗೆ ಹೋಗುವಾಗ ನಾಲ್ಕೂವರೆ. ಹೊಲಗಳ ಮಧ್ಯೆ ಒಂದೇ ಒಂದು ಚರ್ಚು, ಪಕ್ಕದಲ್ಲಿ ದುಂಡನೆಯ ಗಂಟೆ ಗೋಪುರ. ಬಂದರು ಇದ್ದ ಜಾಗ ಅಂತ ನಂಬುವುದೇ ಕಷ್ಟ. 549ರಲ್ಲಿ ಪ್ರತಿಷ್ಠೆ ಆದ ಚರ್ಚು ಇದು. ಒಳಗೆ ಎರಡು ಸಾಲು ಅಮೃತಶಿಲೆಯ ಕಂಬಗಳು, ತುಂಬಾ ಬೆಳಕು. ಎದುರಿನ ಮೊಸಾಯಿಕ್ ಪೂರ್ತಿ ಹಸಿರು. ಹುಲ್ಲು, ಮರ, ಹೂವು, ಬಿಳಿ ಕುರಿಗಳು, ಮಧ್ಯೆ ಕೈಯೆತ್ತಿ ನಿಂತ ಸಂತ. ಮೇಲೆ ನೀಲಿ ವೃತ್ತದಲ್ಲಿ ಶಿಲುಬೆ, ಅದರ ಸುತ್ತ 99 ನಕ್ಷತ್ರ. ಅಮ್ಮ ಬೆಂಚಿನ ಮೇಲೆ ಕೂತು ಚಪ್ಪಲಿ ಬಿಚ್ಚಿ ಕಾಲು ನೀಡಿದರು. ಮುಕ್ಕಾಲು ಗಂಟೆ ಏಳಲಿಲ್ಲ. ಮಲೆನಾಡಿನಲ್ಲಿ ಮಳೆ ಮುಗಿದ ಮೇಲಿನ ಗುಡ್ಡ ಇದ್ದ ಹಾಗಿದೆ ಅಂದರು. ಅಪ್ಪ ನಕ್ಷತ್ರ ಎಣಿಸಲು ನಿಂತರು. ಎರಡು ಸಲ ಎಣಿಸಿದರು, ಎರಡು ಸಲವೂ ಮಧ್ಯದಲ್ಲಿ ತಪ್ಪಿತು.

ಬಣ್ಣದ ಮೇಷ್ಟ್ರು:
ಓದಿ ಮನಸ್ಸು ತುಂಬಿತು ಮಗಳೇ. ನಿಮ್ಮ ತಾಯಿಗೆ ಒಂದು ವಿಷಯ ತಿಳಿಸಿ. ಆ ಅಂಚಿನ ಮೂವರು ಹುಟ್ಟಿದ ಏಸುವಿಗೆ ಕಾಣಿಕೆ ತಂದ ಪೂರ್ವದೇಶದ ಜ್ಞಾನಿಗಳು. ಥಿಯೋಡೊರಾ ಕೈಯಲ್ಲೂ ಚರ್ಚಿಗೆ ಕೊಡುವ ಚಿನ್ನದ ಬಟ್ಟಲು ಇದೆ ನೋಡಿ. ಮೇಲೆ ರಾಣಿ ಕಾಣಿಕೆ ತರುತ್ತಿದ್ದಾಳೆ, ಕೆಳಗೆ ಅಂಚಿನಲ್ಲಿ ಅವರು ತರುತ್ತಿದ್ದಾರೆ. ಮಾಡಿದವನು ಬೇಕೆಂದೇ ಹಾಗೆ ಇಟ್ಟಿದ್ದಾನೆ. ನಾನು ಪುಸ್ತಕದಲ್ಲಿ ಓದಿ ತಿಳಿದಿದ್ದನ್ನು ಅವರು ಬರೀ ಕಣ್ಣಿನಿಂದ ಹಿಡಿದರು.

ಬೊಲೊನ್ಯಾ ವಾಸಿ:
ಸಮಾಧಿಯ ಬಗ್ಗೆ ಹೇಳಿದ ಮಾತು ವಾಪಸ್ ತೆಗೆದುಕೊಂಡೆ. ಒಂಬತ್ತು ವರ್ಷದಲ್ಲಿ ಆ ಕಲ್ಲಿನ ಸುತ್ತ ಒಂದು ಸುತ್ತೂ ಸರಿಯಾಗಿ ಹಾಕಿಲ್ಲ ನಾನು. ಮುಂದಿನ ಸಲ ಹೋದಾಗ ನಿಮ್ಮ ಅಪ್ಪನ ಇಳಿಜಾರಿನ ಲೆಕ್ಕ ನೆನಪಿಟ್ಟುಕೊಂಡು ನೋಡುತ್ತೇನೆ.

ಮೊದಲ ಪ್ರಯಾಣ:
ನಮಸ್ಕಾರ, ಹೊಸಬ. ಡಿಸೆಂಬರ್‌ನಲ್ಲಿ ನಾಲ್ಕು ವರ್ಷದ ಮಗನ ಜೊತೆ ಹೋಗುವ ಯೋಚನೆ ಇದೆ. ಕ್ಲಾಸ್ಸೆ ಸ್ಟೇಷನ್ನಿನಿಂದ ಚರ್ಚಿಗೆ ದೂರ ಇದೆಯಾ? ಒಳಗೆ ಫೋಟೋ ತೆಗೆಯಲು ಬಿಡುತ್ತಾರಾ?

ಹಾಸನದವಳು:
ಸ್ಟೇಷನ್ನಿನಿಂದ ಕೆಲವೇ ನಿಮಿಷದ ನಡಿಗೆ, ಅಮ್ಮನಿಗೂ ಕಷ್ಟ ಆಗಲಿಲ್ಲ. ಆದರೆ ಅದು ಸಣ್ಣ ಸ್ಟೇಷನ್, ವಾಪಸ್ ಟ್ರೈನಿನ ಹೊತ್ತು ಮೊದಲೇ ನೋಡಿಕೊಂಡು ಹೋಗಿ. ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತದೆ, ಕ್ಲಾಸ್ಸೆಯನ್ನು ಬೆಳಿಗ್ಗೆಯೇ ನೋಡಿ. ಮಗನಿಗೆ ಸಾನ್ ಫ್ರಾಂಚೆಸ್ಕೊದ ಮೀನು ತೋರಿಸಿ, ಚಿಲ್ಲರೆ ಇಟ್ಟುಕೊಂಡಿರಿ. ಫ್ಲಾಶ್ ಹಾಕದೆ ಫೋಟೋ ತೆಗೆಯಬಹುದು.

ಅಪ್ಪ ಊರು ತಲುಪಿ ಇವತ್ತು ಬೆಳಿಗ್ಗೆ ಫೋನ್ ಮಾಡಿದ್ದರು. ನಾನು ತೆಗೆದ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಪೆನ್ಸಿಲ್ಲಿನಲ್ಲಿ ಗುರುತು ಮಾಡುತ್ತಾ ಎಣಿಸಿದರಂತೆ. 99 ಸರಿ ಇದೆ ಅಂದರು.